ಕಲ್ಯಾಣದ ಗಾನಪ್ರಿಯ ಚಕ್ರವರ್ತಿ ಭೂಲೋಕಮಲ್ಲ ಸೋಮೇಶ್ವರ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಮಹಾಪುರುಷರೊಬ್ಬರ ಜೀವನ ವೃತ್ತಾಂತವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಪ್ರೀತಿಯಿಂದ ಆಗ್ರಹಪಡಿಸಿದರು. ಬಸವಣ್ಣನವರನ್ನು ಕುರಿತಾಗಲಿ, ಗಾಂಧೀಜಿಯವರನ್ನು ಕುರಿತಾಗಲಿ ನನಗಿಂತ ಬಲ್ಲವರು ಬರೆದೇ ಬರೆಯುತ್ತಾರೆ. ಆದ್ದರಿಂದ ನಾನು ನಮ್ಮ ನೆರೆಯಲ್ಲಿಯೇ ಬಾಳಿ ಬೆಳಗಿದ, ಆದರೂ ನಮ್ಮ ಮಕ್ಕಳ ಬಾಯಲ್ಲಿ ಅಪರೂಪವಾಗಿ ಹೆಸರು ಕೇಳಿಬರುವ ಒಬ್ಬ ಅರಸನನ್ನು ಆರಿಸಿಕೊಂಡಿದ್ದೇನೆ. ಆತನೇ ಕಲ್ಯಾಣ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರ. ಚರಿತ್ರೆಯ ಪಠ್ಯಪುಸ್ತಕಗಳಲ್ಲಿ ಈತನಿಗೆ ಎರಡು ಸಾಲುಗಳಿಗಿಂತ ಹೆಚ್ಚು ಸ್ಥಳ ಸಿಕ್ಕುವುದಿಲ್ಲ. ತಂದೆ ವಿಕ್ರಮಾದಿತ್ಯನಿಗೆ ಒಂದು ಪುಟ, ಮಗನಿಗೆ ಎರಡು ಸಾಲು. ನಾನೂ ಮೂವತ್ತು ವರ್ಷಗಳ ಕಾಲ ಹಾಗೆಯೇ ಪಾಠ ಹೇಳಿದವನು. ಅದನ್ನು ಸರಿಪಡಿಸುವ ಒಂದು ಸಣ್ಣ ಪ್ರಯತ್ನ ಈ ಲೇಖನ.

ಕಂಗ್ಟಿಯಿಂದ ಕಲ್ಯಾಣ ದೂರವಲ್ಲ. ಬೆಳಗಿನ ಜಾವ ಹೊರಟು ಬೀದರ, ಹುಮನಾಬಾದ ಮಾರ್ಗವಾಗಿ ಹೋದರೆ ಮಧ್ಯಾಹ್ನದ ಊಟದ ಹೊತ್ತಿಗೆ ಬಸವಕಲ್ಯಾಣದ ಕೋಟೆಯ ಮುಂದೆ ನಿಲ್ಲಬಹುದು. ದಾರಿಯಲ್ಲಿ ಹುಮನಾಬಾದಿನ ಸಮೀಪ ಜಲಸಂಗ್ವಿಯ ದೇವಾಲಯವಿದೆ. ಅದರ ಹೊರಗೋಡೆಯ ಮೇಲೆ ಬರೆಯುತ್ತ ನಿಂತಿರುವ ಶಿಲಾಬಾಲಿಕೆಯನ್ನು ಕಂಡವರು ಮರೆಯಲಾರರು. ಆಕೆ ಕೆತ್ತುತ್ತಿರುವುದು ವಿಕ್ರಮಾದಿತ್ಯ ಚಕ್ರವರ್ತಿಯ ಸ್ತುತಿಯನ್ನು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ನಮ್ಮ ನಾರಾಯಣಖೇಡ ತಾಲೂಕು ಬೀದರ ಜಿಲ್ಲೆಗೇ ಸೇರಿತ್ತು. ಅನಂತರ ನಾವು ಮೇದಕ ಜಿಲ್ಲೆಯವರಾದೆವು, 2016ರಿಂದ ಸಂಗಾರೆಡ್ಡಿ ಜಿಲ್ಲೆಯವರು. ಜಿಲ್ಲೆ ಬದಲಾಯಿತು, ರಾಜ್ಯವೂ ಬದಲಾಯಿತು, ಮಾಂಜ್ರಾ ನದಿ ಮಾತ್ರ ಬದಲಾಗಲಿಲ್ಲ. ಕನ್ನಡ, ಮರಾಠಿ, ತೆಲುಗು ಎಂಬ ಮೂರು ಭಾಷೆಗಳು ಒಂದೇ ಸಂತೆಯಲ್ಲಿ ಕಲೆಯುವ ಈ ನೆಲ ಒಂದು ಕಾಲಕ್ಕೆ ಕಲ್ಯಾಣ ಸಾಮ್ರಾಜ್ಯದ ಹೃದಯಭಾಗಕ್ಕೆ ಹತ್ತಿರವಾಗಿತ್ತೆಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

ಚಾಲುಕ್ಯರ ರಾಜಧಾನಿ ಮೊದಲು ಮಾನ್ಯಖೇಟದಲ್ಲಿತ್ತು. ತಾಂಡೂರಿನಿಂದ ರೈಲಿನಲ್ಲಿ ಹೊರಟರೆ ಸೇಡಂ ದಾಟಿದ ಮೇಲೆ ಸಿಗುವ ಇಂದಿನ ಮಳಖೇಡವೇ ಆ ಮಾನ್ಯಖೇಟ. ಹನ್ನೊಂದನೆಯ ಶತಮಾನದ ಮಧ್ಯಭಾಗದಲ್ಲಿ ಮೊದಲನೆಯ ಸೋಮೇಶ್ವರನು ರಾಜಧಾನಿಯನ್ನು ಕಲ್ಯಾಣಕ್ಕೆ ಸ್ಥಳಾಂತರಿಸಿದನು. ಅವನ ಮಗ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಸರಿಯಾಗಿ ಅರ್ಧ ಶತಮಾನ ಆಳಿ, ತನ್ನ ಹೆಸರಿನಲ್ಲಿ ಹೊಸ ಶಕೆಯನ್ನೇ ಆರಂಭಿಸಿದನು. ಕಾಶ್ಮೀರದಿಂದ ನಡೆದುಬಂದ ಬಿಲ್ಹಣ ಕವಿಯು ಅವನ ಆಸ್ಥಾನದಲ್ಲಿದ್ದನು. ಹಿಂದೂ ನ್ಯಾಯಶಾಸ್ತ್ರಕ್ಕೆ ಆಧಾರವಾದ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ವಿಜ್ಞಾನೇಶ್ವರನು ರಚಿಸಿದ್ದು ಅದೇ ಕಲ್ಯಾಣದಲ್ಲಿ. ರಾಣಿ ಚಂದಲದೇವಿಯು ಸಂಗೀತ ನೃತ್ಯಗಳಲ್ಲಿ ನಿಪುಣೆಯೆಂದು ಹೆಸರಾಗಿದ್ದಳು. ಇಂಥ ಮನೆಯಲ್ಲಿ ಕಣ್ಣು ತೆರೆದ ರಾಜಕುಮಾರನು ಆನೆಯ ಗಂಟೆಯ ಸದ್ದನ್ನು ಕೇಳಿದಷ್ಟೇ ವೀಣೆಯ ನಾದವನ್ನೂ ಕೇಳುತ್ತ ಬೆಳೆದನೆಂದು ನಾವು ಊಹಿಸಿದರೆ ತಪ್ಪಾಗಲಾರದು.

ತಂದೆಯ ಮರಣಾನಂತರ 1126ರಲ್ಲಿ ಸೋಮೇಶ್ವರನು ಪಟ್ಟಕ್ಕೆ ಬಂದನು. ಭೂಲೋಕಮಲ್ಲನೆಂದು ಬಿರುದು ಧರಿಸಿ, ತಂದೆಯಂತೆಯೇ ತನ್ನ ಹೆಸರಿನ ವರ್ಷಗಣನೆಯನ್ನು ಶಾಸನಗಳಲ್ಲಿ ಜಾರಿಗೆ ತಂದನು. ಅವನ ವಿದ್ವತ್ತನ್ನು ಮೆಚ್ಚಿ ಜನ ಅವನನ್ನು ಸರ್ವಜ್ಞ ಭೂಪನೆಂದು ಕರೆದರು. ತ್ರಿಪದಿಗಳನ್ನು ಬರೆದ ನಮ್ಮ ಸರ್ವಜ್ಞ ಕವಿಗೂ ಈ ಸರ್ವಜ್ಞ ದೊರೆಗೂ ಸಂಬಂಧವಿಲ್ಲ. ಪರೀಕ್ಷೆಯಲ್ಲಿ ಇಬ್ಬರನ್ನೂ ಒಂದು ಮಾಡಿ ಬರೆದ ಜಾಣರನ್ನು ನಾನು ಕಂಡಿದ್ದೇನಾದ್ದರಿಂದ ಈ ಮಾತನ್ನು ಹೇಳಬೇಕಾಯಿತು. ಆಂಧ್ರ, ದ್ರಾವಿಡ, ಮಗಧ, ನೇಪಾಳಗಳ ಅರಸರು ಅವನ ಪಾದಕ್ಕೆ ತಲೆಬಾಗಿದರೆಂದು ಶಾಸನವೊಂದು ಸಾರುತ್ತದೆ. ಶಾಸನಕವಿಗಳಿಗೆ ಇಂಥ ಮಾತು ಸುಲಭ. ವಾಸ್ತವದಲ್ಲಿ ಅವನ ಆಳ್ವಿಕೆಯಲ್ಲಿ ದೊಡ್ಡ ದಿಗ್ವಿಜಯಗಳೇನೂ ನಡೆಯಲಿಲ್ಲ. ಹನ್ನೆರಡು ವರ್ಷ ಆಳಿ 1138ರಲ್ಲಿ ಅವನು ತೀರಿಕೊಂಡನು. ಶೈವ ಮಠಗಳಿಗೂ ಅಲ್ಲಿನ ಅಧ್ಯಯನ ಅಧ್ಯಾಪನಗಳಿಗೂ ಧಾರಾಳವಾಗಿ ಭೂದಾನ ಮಾಡಿದನೆಂಬುದಕ್ಕೆ ಶಾಸನಗಳ ಸಾಕ್ಷ್ಯವಿದೆ.

ಆದರೆ ಅವನು ನಮಗೆ ಉಳಿಸಿಹೋದ ನಿಜವಾದ ಆಸ್ತಿ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥ. ಅಭಿಲಷಿತಾರ್ಥ ಚಿಂತಾಮಣಿ ಎಂಬುದು ಅದರ ಇನ್ನೊಂದು ಹೆಸರು. ಅದರಲ್ಲಿ ಜ್ಯೋತಿಷ ಗಣಿತಕ್ಕೆ ಆಧಾರವಾಗಿ ಶಕ 1051, ಅಂದರೆ ಕ್ರಿ.ಶ. 1129ರ ಉಲ್ಲೇಖವಿರುವುದರಿಂದ ಪಟ್ಟಾಭಿಷೇಕದ ಬಳಿಕ ಮೂರೇ ವರ್ಷಗಳಲ್ಲಿ ಗ್ರಂಥಕಾರ್ಯ ನಡೆದಿತ್ತೆಂದು ತಿಳಿಯುತ್ತದೆ. ಗ್ರಂಥಕ್ಕೆ ಐದು ಭಾಗಗಳು. ಒಂದೊಂದಕ್ಕೂ ವಿಂಶತಿಯೆಂದು ಹೆಸರು, ಒಂದೊಂದರಲ್ಲಿಯೂ ಇಪ್ಪತ್ತು ಅಧ್ಯಾಯಗಳು, ಒಟ್ಟು ನೂರು. ರಾಜ್ಯವನ್ನು ಪಡೆಯುವುದು, ಪಡೆದುದನ್ನು ಭದ್ರಪಡಿಸುವುದು, ಅರಸನ ಭೋಗಗಳು, ವಿನೋದಗಳು, ಕ್ರೀಡೆಗಳು ಎಂದು ಕ್ರಮ. ಆನೆಯ ರೋಗಕ್ಕೆ ಮದ್ದು, ದೇವಾಲಯದ ಶಿಲ್ಪ, ಚಿತ್ರಕಲೆ, ಕುಸ್ತಿ, ಕೋಳಿಕಾಳಗ, ಮೀನು ಹಿಡಿಯುವ ಬಗೆ, ಅಡುಗೆ ಮುಂತಾದವೆಲ್ಲ ಅಲ್ಲಿವೆ. ಇಂದಿನ ಇಡ್ಲಿಯ ಪೂರ್ವಜನಾದ ಇಡ್ಡರಿಕೆಯನ್ನೂ, ದೋಸೆಯ ಪೂರ್ವಜನಾದ ಧೋಸಕವನ್ನೂ ಈ ದೊರೆ ಶ್ಲೋಕದಲ್ಲಿ ವರ್ಣಿಸಿದ್ದಾನೆ. ಉಪಾಹಾರ ಗೃಹಗಳ ಮಾಲಿಕರು ಅವನ ಭಾವಚಿತ್ರವನ್ನು ಗೋಡೆಗೆ ತೂಗುಹಾಕಿದರೂ ತಪ್ಪಿಲ್ಲ.

ಗ್ರಂಥದಲ್ಲಿ ಅತಿ ಹೆಚ್ಚಿನ ಜಾಗವನ್ನು ಪಡೆದಿರುವುದು ಗೀತ, ವಾದ್ಯ, ನೃತ್ಯಗಳು. ಎಲ್ಲ ಶ್ಲೋಕಗಳಲ್ಲಿ ಹೆಚ್ಚುಕಡಿಮೆ ಕಾಲುಭಾಗ ಈ ಕಲೆಗಳಿಗೇ ಮೀಸಲು. ನಾಲ್ಕನೆಯ ವಿಂಶತಿಯಲ್ಲಿ ಗೀತವಿನೋದ, ವಾದ್ಯವಿನೋದ, ನೃತ್ಯವಿನೋದಗಳು ಸಾಲಾಗಿ ಬರುತ್ತವೆ. ಅರಸನು ಸಭೆಯಲ್ಲಿ ಹೇಗೆ ಕುಳಿತು ಕೇಳಬೇಕು, ಹಾಡುವವರಲ್ಲಿ ಉತ್ತಮರು ಯಾರು, ಮಧ್ಯಮರು ಯಾರು, ಅಧಮರು ಯಾರು, ಕಂಠದ ಗುಣಗಳೇನು, ದೋಷಗಳೇನು, ಇವನ್ನೆಲ್ಲ ಅವನು ವಿಂಗಡಿಸುತ್ತಾನೆ. ತಂತಿಯವು, ಚರ್ಮದವು, ಲೋಹದವು, ಊದುವವು ಎಂದು ವಾದ್ಯಗಳನ್ನು ನಾಲ್ಕು ವರ್ಗ ಮಾಡುತ್ತಾನೆ. ನರ್ತಕಿ, ನಟ, ನರ್ತಕರ ಜೊತೆಗೆ ವೈತಾಳಿಕ, ಚಾರಣ, ಹಗ್ಗದ ಮೇಲಿನ ಆಟ ಮೊದಲಾದ ಕಸರತ್ತು ತೋರುವ ಕೊಲ್ಲಾಟಿಕ ಇವರನ್ನೂ ಕುಣಿಯುವವರ ಪಟ್ಟಿಯಲ್ಲಿ ಸೇರಿಸುತ್ತಾನೆ. ಇಷ್ಟೇ ಆಗಿದ್ದರೆ ಇದು ಮತ್ತೊಂದು ಶಾಸ್ತ್ರಗ್ರಂಥವಾಗಿ ಉಳಿಯುತ್ತಿತ್ತು. ಭರತಮುನಿಯ ಕಾಲದಿಂದಲೂ ಇಂಥ ವಿಂಗಡಣೆಗಳು ನಡೆದುಬಂದಿವೆ.

ಸೋಮೇಶ್ವರನ ವೈಶಿಷ್ಟ್ಯ ಬೇರೆಡೆ ಇದೆ. ಯಾವ ಹಾಡು ಯಾವ ಬಾಳಿನ ಸಂದರ್ಭಕ್ಕೆ ಸಲ್ಲುತ್ತದೆಂಬುದನ್ನು ಅವನು ಗುರುತಿಸುತ್ತ ಹೋಗುತ್ತಾನೆ. ಕಥೆ ಹೇಳುವವರಿಗೆ ಷಟ್ಪದಿ. ಮದುವೆಯ ಮನೆಯಲ್ಲಿ ಧವಳ. ಉತ್ಸವಗಳಲ್ಲಿ ಮಂಗಲ. ಹೋಳಿಯ ವಸಂತೋತ್ಸವಕ್ಕೆ ಚಚ್ಚರಿ. ಯೋಗಿಗಳು ಆತ್ಮಚಿಂತನೆಯಲ್ಲಿ ಹಾಡಿಕೊಳ್ಳುವುದಕ್ಕೆ ಚರ್ಯಾ. ರಣದ ವೀರರಸಕ್ಕೆ ರಾಹಡಿ. ಸುಗ್ಗಿಯಾಗಿ ಕಾಳು ಮನೆಗೆ ಬಂದು ಕುಟ್ಟುವ ಕಾಲಕ್ಕೆ ತ್ರಿಪದಿ. ಮಹಾರಾಷ್ಟ್ರದ ಹೆಂಗಸರು ಒನಕೆ ಹಿಡಿದು ಕುಟ್ಟುವಾಗ ಹಾಡುವುದು ಓವಿ ಎಂದು ಅವನು ಸ್ಪಷ್ಟವಾಗಿ ಹೇಳುತ್ತಾನೆ. ದೇವರ ದಶಾವತಾರ ಸ್ತುತಿಯೂ, ಯೋಗಿಯ ಏಕಾಂತದ ಹಾಡೂ, ಒರಳಿನ ಬಳಿಯ ಹೆಂಗಸಿನ ಹಾಡೂ ಒಂದೇ ಅಧ್ಯಾಯದಲ್ಲಿ ಅಕ್ಕಪಕ್ಕ ಕುಳಿತಿವೆ. ಇದು ದೈವಿಕ, ಅದು ಲೌಕಿಕ, ಆದ್ದರಿಂದ ಅದು ಕೀಳು ಎಂಬ ಗೋಡೆಯನ್ನು ಅವನು ಕಟ್ಟಲಿಲ್ಲ. ಚಕ್ರವರ್ತಿಯೊಬ್ಬನ ಕಿವಿಗೆ ಒನಕೆವಾಡು ಬಿದ್ದದ್ದು ಆಶ್ಚರ್ಯವಲ್ಲ, ಯಾವ ಅರಮನೆಯ ಹಿತ್ತಿಲಲ್ಲಿ ಬತ್ತ ಕುಟ್ಟುತ್ತಿರಲಿಲ್ಲ? ಬಿದ್ದುದನ್ನು ಅವನು ಬರೆದಿಡಲು ಯೋಗ್ಯವೆಂದು ತಿಳಿದದ್ದೇ ಆಶ್ಚರ್ಯ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಸುಮಾರು ಮೂವತ್ತು ವರ್ಷಗಳ ಹಿಂದೆ, ಬೇರೊಂದು ಊರಿನ ಶಾಲೆಯಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದೆ. ವಾರ್ಷಿಕ ಸ್ನೇಹ ಸಮ್ಮೇಳನಕ್ಕೆ ಹಾಡುವವರ ಆಯ್ಕೆ ನಡೆದಿತ್ತು. ಏಳನೆಯ ತರಗತಿಯ ಹುಡುಗಿಯೊಬ್ಬಳು ಮುಂದೆ ಬಂದು ತನ್ನ ಅಜ್ಜಿ ಬೀಸುಕಲ್ಲಿನ ಮುಂದೆ ಕುಳಿತು ಹಾಡುವ ಪದವನ್ನು ಹಾಡಿದಳು. ಮೊದಲು ಕನ್ನಡದಲ್ಲಿ ಆರಂಭವಾಗಿ ನಡುವೆ ಮರಾಠಿಯ ಎರಡು ನುಡಿ ಬಂದು ಮತ್ತೆ ಕನ್ನಡಕ್ಕೆ ತಿರುಗುವ ಪದ ಅದು. ತವರಿನ ದಾರಿ, ಅಣ್ಣನ ಎತ್ತು, ಅತ್ತೆಯ ಕಾಟ, ಇವೇ ಅದರ ವಿಷಯ. ಕಂಠ ಚೆನ್ನಾಗಿತ್ತು. ಆದರೆ ವೇದಿಕೆಯ ಮೇಲೆ ತಾಲೂಕಿನ ಗಣ್ಯರು ಕುಳಿತಿರುವಾಗ ಅಡುಗೆಮನೆಯ ಹಾಡು ಶೋಭಿಸದೆಂದು ನನಗೆ ತೋರಿತು. ಭಾಷೆ ಶುದ್ಧವಾಗಿಲ್ಲವೆಂದೂ ಹೇಳಿದೆ. ದೇವರ ನಾಮವೊಂದನ್ನು ಕಲಿಸಿಕೊಡುವಂತೆ ಸಹಶಿಕ್ಷಕರಿಗೆ ಸೂಚಿಸಿದೆ. ಸಮ್ಮೇಳನದ ದಿನ ಆ ಹುಡುಗಿ ಎರಡನೆಯ ನುಡಿಯಲ್ಲಿ ಮಾತು ಮರೆತು ನಿಂತುಬಿಟ್ಟಳು. ಗಣ್ಯರು ಉದಾರವಾಗಿ ಚಪ್ಪಾಳೆ ತಟ್ಟಿದರು.

ಮಾನಸೋಲ್ಲಾಸದ ವಿಷಯವನ್ನು ನಾನು ವಿವರವಾಗಿ ಓದಿಕೊಂಡದ್ದು ನಿವೃತ್ತಿ ಸಮೀಪಿಸಿದ ಮೇಲೆ. ಓವಿ, ತ್ರಿಪದಿಗಳ ಪ್ರಸ್ತಾಪವನ್ನು ಕಂಡಾಗ ಆ ಹುಡುಗಿಯ ಮುಖ ಕಣ್ಣ ಮುಂದೆ ಬಂದಿತು. ಒಂದು ಭಾನುವಾರ ಆ ಊರಿಗೆ ಹೋಗಿ ವಿಚಾರಿಸಿದೆ. ಅಜ್ಜಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಹುಡುಗಿ ಮದುವೆಯಾಗಿ ದೂರದ ಊರು ಸೇರಿದ್ದಳು. ಮನೆಯವರು ಸೌಜನ್ಯದಿಂದ ಚಹ ಕೊಟ್ಟರು, ಬೀಸುಕಲ್ಲನ್ನೂ ತೋರಿಸಿದರು. ಅದರ ಮೇಲಿನ ಕಲ್ಲನ್ನು ತುಳಸಿಕಟ್ಟೆಯ ಮೆಟ್ಟಿಲಿಗೆ ಬಳಸಿದ್ದರು. ಹಾಡಿನಲ್ಲಿ ಸೊಸೆಗೆ ನೆನಪಿದ್ದದ್ದು ಒಂದೇ ನುಡಿ, ಅದೂ ಅರ್ಧ. ಹಿಟ್ಟಿನ ಗಿರಣಿ ಬಂದದ್ದನ್ನು ನಾನು ದೂರುವುದಿಲ್ಲ. ನನ್ನ ತಾಯಿಯ ಕೈಗಳ ಮೇಲಿನ ದಡ್ಡುಗಳನ್ನು ಕಂಡವನಿಗೆ ಗಿರಣಿಯನ್ನು ದೂರುವ ಅಧಿಕಾರವಿಲ್ಲ. ಆದರೆ ಹಾಡನ್ನು ಶಾಲೆಯ ವೇದಿಕೆಯಿಂದ ಕೆಳಗಿಳಿಸಿದ್ದು ಗಿರಣಿಯಲ್ಲ.

ಇದೇ ಕಾಲದಲ್ಲಿ ಜಗತ್ತಿನ ಇತರೆಡೆಗಳಲ್ಲಿ ಸಂಗೀತದ ಸ್ಥಿತಿ ಹೇಗಿತ್ತೆಂಬ ಕುತೂಹಲ ಸಹಜ. ಯುರೋಪಿನಲ್ಲಿ ಆಗ ಕ್ರೈಸ್ತ ಮಠಗಳು ವಿದ್ಯೆಯ ಕೇಂದ್ರಗಳಾಗಿದ್ದವು. ಅಲ್ಲಿನ ಸನ್ಯಾಸಿಗಳು ಲ್ಯಾಟಿನ್ ಭಾಷೆಯ ಪ್ರಾರ್ಥನೆಗಳನ್ನು ದಿನಕ್ಕೆ ಹಲವು ಬಾರಿ ಒಂದೇ ಸ್ವರಧಾರೆಯಲ್ಲಿ, ಪಕ್ಕವಾದ್ಯವಿಲ್ಲದೆ, ಹಾಡುತ್ತಿದ್ದರು. ಇಟಲಿಯ ಗ್ವೀಡೋ ಎಂಬ ಸನ್ಯಾಸಿಯು ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ ಗೆರೆಗಳ ಮೇಲೆ ಸ್ವರಗಳನ್ನು ಬರೆದಿಡುವ ಕ್ರಮವನ್ನು ರೂಢಿಗೆ ತಂದನು. ನಮ್ಮ ಸರಿಗಮದಂತೆಯೇ ಅವನೂ ಸ್ವರಗಳಿಗೆ ಉಚ್ಚಾರಣೆಗೆ ಸುಲಭವಾದ ಅಕ್ಷರಗಳನ್ನಿಟ್ಟು ಬಾಲಕರಿಗೆ ಕಲಿಸಿದನು. ಜರ್ಮನಿಯ ರೈನ್ ನದಿಯ ಪ್ರದೇಶದಲ್ಲಿ 1098ರಲ್ಲಿ ಹುಟ್ಟಿ 1179ರವರೆಗೆ ಬಾಳಿದ ಹಿಲ್ಡೆಗಾರ್ಡ್ ಎಂಬ ಸನ್ಯಾಸಿನಿಯು ಸ್ವತಃ ಭಕ್ತಿಗೀತೆಗಳನ್ನು ರಚಿಸಿ ಸ್ವರ ಹಾಕಿದಳು. ಆಕೆ ನಮ್ಮ ಸೋಮೇಶ್ವರನಿಗೆ ಸಮಕಾಲೀನಳು. ಅವಳ ಹಾಡುಗಳು ಬರವಣಿಗೆಯಲ್ಲಿ ಉಳಿದುಬಂದು ಇಂದಿಗೂ ಹಾಡಲ್ಪಡುತ್ತಿವೆ.

ಲೌಕಿಕ ಹಾಡುಗಳಿಗೆ ಅಲ್ಲಿ ಈ ಭಾಗ್ಯ ತಡವಾಗಿ ಬಂದಿತು. ದಕ್ಷಿಣ ಫ್ರಾನ್ಸಿನಲ್ಲಿ ಪ್ರೇಮವನ್ನೂ ಶೌರ್ಯವನ್ನೂ ಆಡುನುಡಿಯಲ್ಲಿ ಹಾಡುವ ಟ್ರೂಬಡೂರ್ ಎಂಬ ಕವಿಗಾಯಕರಿದ್ದರು. ಅವರಲ್ಲಿ ನಮಗೆ ಹೆಸರು ತಿಳಿದ ಮೊದಲಿಗನು ಅಕ್ವಿಟೇನಿನ ದೊರೆ ಒಂಬತ್ತನೆಯ ವಿಲಿಯಂ. ಸೋಮೇಶ್ವರನು ಪಟ್ಟವೇರಿದ ಹೊತ್ತಿಗೇ ಆ ದೊರೆ ತೀರಿಕೊಂಡನು. ಒಬ್ಬ ಹಾಡುವ ದೊರೆ ಅಲ್ಲಿ ಮರೆಯಾಗುತ್ತಿರಲು ಇನ್ನೊಬ್ಬ ಕೇಳುವ ದೊರೆ ಇಲ್ಲಿ ಸಿಂಹಾಸನವೇರಿದನು. ವಿಲಿಯಂನ ಹನ್ನೊಂದರಷ್ಟು ಕವಿತೆಗಳು ಉಳಿದಿವೆ, ರಾಗ ಮಾತ್ರ ಒಂದು ತುಣುಕಿನಷ್ಟು. ಬರೆಯುವ ಲೇಖನಿ ಬಹುಮಟ್ಟಿಗೆ ಮಠದ ಕೈಯಲ್ಲಿತ್ತು, ಮಠವು ತನಗೆ ಬೇಕಾದುದನ್ನು ಮೊದಲು ಬರೆದುಕೊಂಡಿತು. ಟ್ರೂಬಡೂರರ ರಾಗಗಳು ಹೆಚ್ಚಾಗಿ ಹದಿಮೂರನೆಯ ಶತಮಾನದ ಮತ್ತು ಆಮೇಲಿನ ಹೊತ್ತಗೆಗಳಲ್ಲಿ ದಾಖಲಾದವು. ಅಲ್ಲಿನ ರೈತ ಹೆಂಗಸರು ಬೀಸುವಾಗ, ನೂಲುವಾಗ ಹಾಡಿದ್ದರಲ್ಲಿ ಉಳಿದದ್ದು ಅತ್ಯಲ್ಪ. ಹೀಗಿರುವಾಗ 1129ರ ಸುಮಾರಿಗೆ ಕುಟ್ಟುವ ಹಾಡಿಗೆ ಹೆಸರಿಟ್ಟು ಗ್ರಂಥದಲ್ಲಿ ಕೂರಿಸಿದ ಅರಸನ ಬೆಲೆ ತಿಳಿಯುತ್ತದೆ. ನಮ್ಮದೇ ದೊಡ್ಡದೆಂದು ಹೆಮ್ಮೆಪಡುವುದಕ್ಕಾಗಿ ನಾನಿದನ್ನು ಬರೆಯುತ್ತಿಲ್ಲ. ಅವರು ಸ್ವರವನ್ನು ಗೆರೆಯ ಮೇಲೆ ಹಿಡಿದರು. ಇವನು ಹಾಡು ಹುಟ್ಟುವ ಸ್ಥಳವನ್ನು ಹಿಡಿದನು. ಎರಡೂ ಒಂದೇ ಕಡೆ ನಡೆದಿದ್ದರೆ ಎಂಬ ಆಸೆ ಮಾತ್ರ ನನ್ನದು.

ದೊರೆಯ ಕಣ್ಣು ಕಿವಿಗಳು ಹೇಗೆ ಬೀದಿಯ ಕಡೆಗೂ ತೆರೆದಿದ್ದವೆಂಬುದಕ್ಕೆ ಇನ್ನೊಂದು ಪ್ರಸಂಗವಿದೆ. ಇದನ್ನು ಹೇಳಿದವನು ಕಾಕತೀಯರ ಓರುಗಲ್ಲಿನ ಜಾಯ ಸೇನಾಪತಿ. ಆನೆಗಳ ಪಡೆಯ ಅಧಿಪತಿಯಾಗಿದ್ದ ಈತನು ಹದಿಮೂರನೆಯ ಶತಮಾನದ ಮಧ್ಯದಲ್ಲಿ ನೃತ್ತರತ್ನಾವಳಿ ಎಂಬ ಗ್ರಂಥವನ್ನು ಬರೆದನು. ಅವನ ಪ್ರಕಾರ, ಕಲ್ಯಾಣದಲ್ಲಿ ಭೂತಮಾತೃ ಉತ್ಸವ ನಡೆಯುತ್ತಿದ್ದಾಗ ಬೇಡತಿಯ ವೇಷ ಧರಿಸಿ ಕುಣಿಯುತ್ತ ಬಂದ ಒಬ್ಬ ಹೆಂಗಸನ್ನು ಸೋಮೇಶ್ವರನು ಕುತೂಹಲದಿಂದ ನೋಡಿದನು. ನೋಡಿ ಸುಮ್ಮನಾಗಲಿಲ್ಲ. ಆ ಕುಣಿತವನ್ನೇ ಆಧಾರವಾಗಿಟ್ಟುಕೊಂಡು ಹೊಸ ನೃತ್ಯಪ್ರಕಾರವೊಂದಕ್ಕೆ ರೂಪ ಕೊಟ್ಟನು. ಗೊಂಡಲಿ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಯಿತು. ತುಳಜಾಪುರದ ಅಂಬಾಭವಾನಿಯ ಭಕ್ತರಾದ ಗೊಂದಲಿಗರನ್ನು ನಮ್ಮ ಭಾಗದ ಹಿರಿಯರೆಲ್ಲ ಬಲ್ಲರು. ಮದುವೆಯಾದ ಮನೆಯಲ್ಲಿ ರಾತ್ರಿಯಿಡೀ ಪಂಜು ಹೊತ್ತಿಸಿ ಸಂಬಳ ವಾದ್ಯ ಬಾರಿಸಿ ಅವರು ಗೊಂದಲ ಹಾಕುತ್ತಿದ್ದರು. ಆ ಗೊಂದಲಕ್ಕೂ ಈ ಗೊಂಡಲಿಗೂ ನಂಟಿದೆಯೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಬಾಲ್ಯದಲ್ಲಿ ಆ ಸಂಬಳದ ಸದ್ದಿಗೆ ಹೆದರಿ ತಾಯಿಯ ಸೆರಗಿನಲ್ಲಿ ಮುಖ ಮರೆಸಿಕೊಂಡವನು ನಾನು. ಅದರ ಹಿಂದೆ ಒಬ್ಬ ಚಕ್ರವರ್ತಿ ನಿಂತಿರಬಹುದೆಂದು ಆಗ ಯಾರು ಹೇಳಿದ್ದರು?

ಸೋಮೇಶ್ವರನು ತನ್ನ ಗ್ರಂಥವನ್ನು ಕನ್ನಡದಲ್ಲಿ ಬರೆಯಲಿಲ್ಲವೆಂಬ ಕೊರಗು ನನಗೂ ಉಂಟು. ಪಂಪ ರನ್ನರು ಆಗಿಹೋಗಿದ್ದ ನಾಡಿನ ದೊರೆ, ರನ್ನನಿಗೆ ಆಶ್ರಯವಿತ್ತ ವಂಶದವನು, ಸಂಸ್ಕೃತದಲ್ಲಿ ಬರೆದನು. ಭರತಖಂಡದಾದ್ಯಂತ ಓದಬೇಕೆಂಬ ಉದ್ದೇಶ ಅವನದಿರಬೇಕು. ಆದರೆ ಉದಾಹರಣೆ ಕೊಡುವಾಗ ಅವನು ಸಂಸ್ಕೃತಕ್ಕೆ ಅಂಟಿಕೊಳ್ಳಲಿಲ್ಲ. ಪ್ರಾಕೃತ, ಕನ್ನಡ, ಮರಾಠಿ ಮುಂತಾದ ದೇಶಭಾಷೆಗಳ ಹಾಡುಗಳಿಗೂ ಎಡೆಮಾಡಿಕೊಟ್ಟನು. ವಿಷ್ಣುವಿನ ಅವತಾರಗಳನ್ನು ಕೊಂಡಾಡುವ ಹಾಡಿನಲ್ಲಿ ಬೇರೆ ಬೇರೆ ಭಾಷೆಗಳ ನುಡಿಗಳು ಬರುತ್ತವೆ. ಮರಾಠಿ ಸಾಹಿತ್ಯ ಚರಿತ್ರೆಕಾರರೂ ದೂರದ ಬಂಗಾಳದ ಭಾಷಾಪಂಡಿತರೂ ತಮ್ಮ ನುಡಿಯ ಅತಿ ಹಳೆಯ ಮಾದರಿಗಳಿಗಾಗಿ ಈ ಪುಟಗಳನ್ನು ಶೋಧಿಸಿದ್ದಾರೆ. ಒಂದೇ ಹಾಡಿನಲ್ಲಿ ಭಾಷೆ ಬದಲಾಗುವುದು ಈ ದೊರೆಗೆ ಅಶುದ್ಧವೆನಿಸಲಿಲ್ಲ. ನಮ್ಮ ಬೀಸುವ ಪದಗಳಿಗೆ ಮರಾಠಿಯ ಓವಿ ಅಕ್ಕ, ತೆಲುಗಿನ ತಿರುಗಲಿ ಪಾಟ ತಂಗಿ. ಸೋಮೇಶ್ವರನ ತರುವಾಯ ಒಂದು ಶತಮಾನದ ಮೇಲೆ ಪಾಲ್ಕುರಿಕೆ ಸೋಮನಾಥನು ತೆಲುಗಿನ ತುಮ್ಮೆದ ಪದ, ಗೊಬ್ಬಿ ಪದ, ವೆನ್ನೆಲ ಪದಗಳ ಹೆಸರುಗಳನ್ನು ದಾಖಲಿಸಿದನು. ಅವನು ಕನ್ನಡದಲ್ಲಿಯೂ ಬರೆದವನೇ. ಗಡಿಯ ಜನರ ಕಿವಿ ಯಾವಾಗಲೂ ಎರಡು ಮೂರು ಭಾಷೆಗಳಿಗೆ ತೆರೆದಿರುತ್ತದೆ, ಅದು ನಮ್ಮ ದೌರ್ಬಲ್ಯವೆಂದು ಶಾಲಾ ತಪಾಸಣೆಯ ಅಧಿಕಾರಿಗಳು ಆಗಾಗ ಟಿಪ್ಪಣಿ ಬರೆದರೂ ಸಹ.

ತಂದೆಯ ಚರಿತ್ರೆಯನ್ನು ಕುರಿತು ವಿಕ್ರಮಾಂಕಾಭ್ಯುದಯವೆಂಬ ಇನ್ನೊಂದು ಗ್ರಂಥವನ್ನು ಸೋಮೇಶ್ವರನು ಆರಂಭಿಸಿದನು. ಕರ್ಣಾಟ ದೇಶವನ್ನೂ ಕಲ್ಯಾಣ ನಗರವನ್ನೂ ಅಲ್ಲಿ ವಿಸ್ತಾರವಾಗಿ ವರ್ಣಿಸಿದ್ದಾನೆ. ಅದು ಅಪೂರ್ಣವಾಗಿಯೇ ದೊರೆತಿದೆ.

ಈಗ ಕಹಿಯಾದ ಮಾತಿಗೆ ಬರಬೇಕು. ಚರಿತ್ರೆಕಾರರಲ್ಲಿ ಕೆಲವರು ಸೋಮೇಶ್ವರನನ್ನು ದುರ್ಬಲ ದೊರೆಯೆಂದು ತೀರ್ಮಾನಿಸಿದ್ದಾರೆ. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನನು ಸ್ವತಂತ್ರನಾಗಲು ಹವಣಿಸುತ್ತಿದ್ದನು. ಪೂರ್ವದಲ್ಲಿ ವೆಂಗಿ ನಾಡು ಕೈತಪ್ಪಿ ಚೋಳರ ಕಡೆಗೆ ಹೋಯಿತು. ಸಾಮಂತರು ಒಳಗಿಂದೊಳಗೇ ಬಲಿತರು. ಅವನ ಮಗ ಎರಡನೆಯ ಜಗದೇಕಮಲ್ಲನು 1138ರಿಂದ 1151ರವರೆಗೆ ಆಳಿದನು. ಆಮೇಲೆ ಬಂದ ಇನ್ನೊಬ್ಬ ಮಗ ಮೂರನೆಯ ತೈಲಪನ ಕಾಲದಲ್ಲಿ, 1157ರ ಸುಮಾರಿಗೆ, ಕಲಚುರಿ ಬಿಜ್ಜಳನು ಅಧಿಕಾರವನ್ನು ಕಸಿದುಕೊಂಡನು. ಅರಸನು ಹಾಡು ಕೇಳುತ್ತ ಕುಳಿತದ್ದರಿಂದ ರಾಜ್ಯ ಹೋಯಿತೆಂದು ಹೇಳುವುದು ಸುಲಭ. ಈ ಆರೋಪವನ್ನು ನಾನು ಸಂಪೂರ್ಣವಾಗಿ ತಳ್ಳಿಹಾಕಲಾರೆ. ಸೈನ್ಯವನ್ನು ಕುರಿತು, ಕೋಟೆಯನ್ನು ಕುರಿತು, ಬೊಕ್ಕಸವನ್ನು ಕುರಿತು ಅಷ್ಟೊಂದು ಚೆನ್ನಾಗಿ ಬರೆದವನು ಅದನ್ನೆಲ್ಲ ಆಚರಣೆಗೆ ತರುವಲ್ಲಿ ತಂದೆಯಷ್ಟು ಗಟ್ಟಿಗನಾಗಿರಲಿಲ್ಲವೆಂಬುದು ನಿಜ. ಆದರೆ ತಂದೆ ಗೆದ್ದ ನಾಡುಗಳಲ್ಲಿಯೂ ಯಾವುದು ಉಳಿಯಿತು? ಐವತ್ತು ವರ್ಷ ಬಿಗಿಮುಷ್ಟಿಯಲ್ಲಿದ್ದ ಸಾಮಂತರು ಯಾವ ದೊರೆ ಬಂದರೂ ಕೈಕಾಲು ಚಾಚುತ್ತಿದ್ದರೆಂದು ನನಗೆ ತೋರುತ್ತದೆ.

ಬಿಜ್ಜಳನ ಕಾಲದಲ್ಲಿಯೇ ಅದೇ ಕಲ್ಯಾಣದಲ್ಲಿ ಬಸವಾದಿ ಶರಣರ ವಚನಗಳು ಹುಟ್ಟಿದವು. ಅಂಬಿಗನೂ, ಮಡಿವಾಳನೂ, ನೂಲು ತೆಗೆಯುವ ಹೆಂಗಸೂ ತಮ್ಮ ತಮ್ಮ ಕಾಯಕದ ಮಾತಿನಲ್ಲಿ ದೇವರನ್ನು ಕುರಿತು ನುಡಿದರು. ಸೋಮೇಶ್ವರನ ಗ್ರಂಥಕ್ಕೂ ಶರಣರ ಚಳವಳಿಗೂ ನೇರ ಸಂಬಂಧ ಕಲ್ಪಿಸುವುದು ಸಲ್ಲದು. ಅರಮನೆಯ ಹಾದಿ ಬೇರೆ, ಮಹಾಮನೆಯ ಹಾದಿ ಬೇರೆ. ಅದೇ ಬೀದಿಗಳಲ್ಲಿ ಎರಡು ಮೂರು ದಶಕಗಳ ಹಿಂದೆ ದುಡಿಯುವವರ ಹಾಡಿಗೆ ಒಬ್ಬ ದೊರೆ ಕಿವಿಗೊಟ್ಟಿದ್ದನೆಂಬುದನ್ನು ಮಾತ್ರ ನಾನು ಹೇಳಬಲ್ಲೆ.

ರಾಜ್ಯ ಹೋದರೂ ವಿದ್ಯೆ ಹೋಗಲಿಲ್ಲ. ಜಗದೇಕಮಲ್ಲನು ತಂದೆಯ ಮಾರ್ಗದಲ್ಲಿಯೇ ನಡೆದು ಸಂಗೀತ ಚೂಡಾಮಣಿ ಎಂಬ ಗ್ರಂಥವನ್ನು ರಚಿಸಿದನು. ಮಿಥಿಲೆಯಲ್ಲಿ ರಾಜ್ಯ ಕಟ್ಟಿದ ಕರ್ಣಾಟ ವಂಶದ ನಾನ್ಯದೇವನೂ ಅದೇ ಕಾಲದಲ್ಲಿ ಭರತನ ನಾಟ್ಯಶಾಸ್ತ್ರಕ್ಕೆ ಭಾಷ್ಯ ಬರೆದನು. ಮುಂದಿನ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಘಣನ ಆಸ್ಥಾನದಲ್ಲಿದ್ದ ಶಾರ್ಙ್ಗದೇವನು ಸಂಗೀತ ರತ್ನಾಕರವನ್ನು ಬರೆದಾಗ ತನಗಿಂತ ಹಿಂದಿನ ಆಚಾರ್ಯರ ಹೆಸರುಗಳನ್ನು ಆರಂಭದಲ್ಲಿ ಸ್ಮರಿಸಿದನು. ಆ ಪಟ್ಟಿಯಲ್ಲಿ ನಾನ್ಯಭೂಪಾಲನಿದ್ದಾನೆ, ಧಾರಾನಗರದ ಭೋಜನಿದ್ದಾನೆ, ಪರಮರ್ದಿ, ಸೋಮೇಶ, ಜಗದೇಕ ಮಹೀಪತಿ ಎಂಬ ಮೂವರೂ ಇದ್ದಾರೆ. ಪರಮರ್ದಿ ಎಂದರೆ ಪೆರ್ಮಾಡಿ ಎಂಬ ಹೆಸರಿದ್ದ ಆರನೆಯ ವಿಕ್ರಮಾದಿತ್ಯನೇ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಹಾಗಾದರೆ ಅಜ್ಜ, ತಂದೆ, ಮಗ ಮೂವರೂ ಸಂಗೀತದ ಗುರುಪರಂಪರೆಯಲ್ಲಿ ಸ್ಥಾನ ಪಡೆದಂತಾಯಿತು. ಕಲ್ಯಾಣವನ್ನು ಕೊನೆಗೆ ನುಂಗಿದವರು ಇದೇ ದೇವಗಿರಿಯ ಯಾದವರು. ಅವರ ಆಸ್ಥಾನದ ಪಂಡಿತನೇ ಕಲ್ಯಾಣದ ದೊರೆಗಳಿಗೆ ಮೊದಲು ನಮಸ್ಕರಿಸಿ ಗ್ರಂಥ ಆರಂಭಿಸಿದನು.

ಮಾನಸೋಲ್ಲಾಸದ ತಾಳೆಗರಿಗಳೂ ಕಾಗದದ ಪ್ರತಿಗಳೂ ದೇಶದ ನಾನಾ ಭಾಗಗಳಲ್ಲಿ ಚದುರಿ ಉಳಿದಿದ್ದವು. ಬರೋಡೆಯ ಗಾಯಕವಾಡ ಸಂಸ್ಥಾನದವರು ತಮ್ಮ ಪ್ರಾಚ್ಯ ಗ್ರಂಥಮಾಲೆಯಲ್ಲಿ ಜಿ. ಕೆ. ಶ್ರೀಗೊಂದೇಕರ ಅವರಿಂದ ಸಂಪಾದಿಸಿ ಮೊದಲ ಸಂಪುಟವನ್ನು 1925ರಲ್ಲಿಯೂ ಎರಡನೆಯದನ್ನು 1939ರಲ್ಲಿಯೂ ಹೊರತಂದರು. 1926ರಲ್ಲಿ ಮೈಸೂರಿನಲ್ಲಿ ಆರ್. ಶಾಮಾಶಾಸ್ತ್ರಿಗಳು ಅದರ ಒಂದು ಭಾಗವನ್ನು ಪ್ರಕಟಿಸಿದರು. ಮೂರನೆಯ ಸಂಪುಟ ಬಂದದ್ದು 1961ರಲ್ಲಿ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಮೂವತ್ತಾರು ವರ್ಷ. ಹಾಡು, ವಾದ್ಯ, ಕುಣಿತಗಳ ಅಧ್ಯಾಯಗಳಿರುವುದು ಆ ಕೊನೆಯ ಸಂಪುಟದಲ್ಲಿಯೇ.